ಹೊಸ್ತಿಲ ಕೆಳಗಿನ ಹಲ್ಲು

ಆ ಬೆಳಿಗ್ಗೆ ನಾನು ನೀರುದೋಸೆಗೆ ಅಕ್ಕಿ ರುಬ್ಬುತ್ತಿದ್ದೆ. ಹೊರಗೆ ಯಾರೋ ಎರಡು ಸಲ ಕೆಮ್ಮಿದರು. ಯಾರೋ ಏನು, ನನ್ನ ಗಂಡ ಐತಪ್ಪನೇ. ಊರಿನ ಬುಡದಲ್ಲಿರುವ ಸುಣ್ಣದ ಗೂಡಿನಲ್ಲಿ ರಾತ್ರಿ ಬೆಂಕಿ ಕಾಯುವ ಕೆಲಸ ಅವನದು. ಬೆಳಕು ಹರಿದ ಮೇಲೆ ಇನ್ನೂರು ಮೆಟ್ಟಿಲು ಹತ್ತಿ ಬಂದು, ನಮ್ಮ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತು, ಎರಡು ಸಲ ಕೆಮ್ಮುತ್ತಾನೆ. ಹದಿನಾಲ್ಕು ವರ್ಷದಿಂದ ಹಾಗೆಯೇ. ಮೂರನೆಯ ಸಲ ಕೆಮ್ಮುವುದು ಮರ್ಯಾದೆಯಲ್ಲ ಎಂದು ಅವನ ತಾಯಿ ಮದುವೆಯ ದಿನವೇ ಹೇಳಿ ಕಳಿಸಿದ್ದರು.

ಕೈಯೆಲ್ಲ ಹಿಟ್ಟು, ಸ್ವಲ್ಪ ತಡಿ ಎಂದು ಒಳಗಿನಿಂದಲೇ ಕೂಗಿದೆ. ಅವನು ಕಟ್ಟೆಯಿಂದ ಎದ್ದು, ಬಾಗಿಲಿಗೆ ಒಂದು ಕೈ ಊರಿ, ಚಪ್ಪಲಿಯೊಳಗೆ ಸೇರಿದ್ದ ಕಲ್ಲು ತೆಗೆಯುತ್ತಿದ್ದನಂತೆ. ಬಾಗಿಲು ತೆರೆದುಕೊಂಡಿತು. ತಲೆಯಿಂದ ಕಾಲಿನವರೆಗೆ ಸುಣ್ಣ ಮೆತ್ತಿಕೊಂಡಿದ್ದ ನನ್ನ ಗಂಡ ಒಂದೇ ಚಪ್ಪಲಿಯಲ್ಲಿ ಒಳಗೆ ಬಂದು ಬಿದ್ದ. ಅವನ ಹಿಂದೆಯೇ ಪಕ್ಕದ ಮನೆಯ ಎರಡು ಕೋಳಿಗಳೂ ಬಂದವು.

"ನೀನು ತೆಗೆದದ್ದಾ?" ಎಂದು ಬಿದ್ದಲ್ಲಿಂದಲೇ ಕೇಳಿದ.

ನಾನು ಹಿಟ್ಟು ಸುರಿಯುತ್ತಿದ್ದ ಎರಡೂ ಕೈ ಎತ್ತಿ ತೋರಿಸಿದೆ. ಇಬ್ಬರೂ ಬಾಗಿಲ ಕಡೆ ತಿರುಗಿ ನೋಡಿದೆವು. ಹಲಗೆಯ ಮೇಲೆ ಅವನ ಅಂಗೈ ಬೆಳ್ಳಗೆ ಅಚ್ಚೊತ್ತಿ ನಿಂತಿತ್ತು, ಐದು ಬೆರಳೂ ಸ್ಪಷ್ಟವಾಗಿ.

ನಮ್ಮೂರಿನ ಬಾಗಿಲುಗಳನ್ನು ಒಳಗಿನಿಂದ ಯಾರು ಬೇಕಾದರೂ ತೆರೆಯಬಹುದು. ನಮ್ಮ ಬೆಕ್ಕು ಕೂಡ ಉಗುರಿನಲ್ಲಿ ಕೆರೆದು ತೆರೆಯುತ್ತದೆ. ಹೊರಗಿನಿಂದ ಮಾತ್ರ ಅವು ಒಬ್ಬಳ ಅಂಗೈಗೆ ತೆರೆದುಕೊಳ್ಳುತ್ತವೆ, ಆ ಮನೆಯ ಕೊನೆಯ ಮಗಳ ಅಂಗೈಗೆ. ಅವಳ ಮೊದಲು ಬಿದ್ದ ಹಾಲುಹಲ್ಲು ಹೊಸ್ತಿಲ ಕೆಳಗಿರುತ್ತದೆ. ಮನೆ ಅವಳದು, ಒಲೆ ಅವಳದು, ವಯಸ್ಸಾದ ತಾಯಿ ತಂದೆ ಅವಳ ಪಾಲು, ಹೆಂಡತಿಯೊಡನೆ ಜಗಳ ಮಾಡಿಕೊಂಡು ಗಂಟು ಹೊತ್ತು ಬರುವ ಅಣ್ಣಂದಿರೂ ಅವಳದೇ ಪಾಲು. ದೊಡ್ಡ ಹೆಣ್ಣುಮಕ್ಕಳ ಹಲ್ಲನ್ನು ಹಿತ್ತಲಿನ ನಿಂಬೆ ಗಿಡದ ಬುಡದಲ್ಲಿ ಹೂತಿಟ್ಟಿರುತ್ತೇವೆ. ಮುಂದೆ ಅವರು ಬೇರೆ ಮನೆ ಕಟ್ಟಿಕೊಂಡಾಗ ಅಗೆದುಕೊಂಡು ಹೋಗುತ್ತಾರೆ. ಗಂಡುಮಕ್ಕಳು ಹೆಂಡತಿಯ ಮನೆಗೆ ಹೋಗುವವರು, ಅವರ ಹಲ್ಲನ್ನು ಹೆಂಚಿನ ಮಾಡಿನ ಮೇಲಿಂದ ಆಚೆಗೆ ಎಸೆಯುತ್ತೇವೆ. ಹಲ್ಲು ಬಿದ್ದ ದಿಕ್ಕಿಗೆ ಹುಡುಗನ ಋಣ ಎಂದು ಹೇಳಿಕೆ. ಹೆಚ್ಚಿನವು ಪಕ್ಕದವರ ಬದನೆ ಗಿಡಗಳ ನಡುವೆ ಬೀಳುತ್ತವೆ.

ಒಮ್ಮೆ ಬೀಗ ಮಾರುವವನೊಬ್ಬ ಊರಿಗೆ ಬಂದಿದ್ದ. ಎರಡು ದಿನ ಇದ್ದು, ನಾಲ್ಕು ಮನೆಯಲ್ಲಿ ಉಂಡು, ಒಂದು ಬೀಗವೂ ಖರ್ಚಾಗದೆ ಇಳಿದುಹೋದ.

ಹೀಗಿರುವುದರಿಂದ ಪ್ರತಿ ಬಾಗಿಲ ಹೊರಗೂ ಒಂದು ಕಟ್ಟೆ ಉಂಟು, ಗಂಡಂದಿರಿಗೆ. ಮನೆಯವಳು ತೋಟಕ್ಕೋ ಸಂತೆಗೋ ಹೋಗಿದ್ದರೆ ಅವರು ಅಲ್ಲಿ ಕೂತು ಚೆನ್ನೆಮಣೆ ಆಡುತ್ತಾರೆ, ಹಲಸಿನ ಬೀಜ ಸುಲಿಯುತ್ತಾರೆ, ಎದುರಿನ ಕಟ್ಟೆಯವನ ಜೊತೆ ಲೋಕದ ಸುದ್ದಿ ಮಾತಾಡುತ್ತಾರೆ. ಕೆಲವು ಮನೆಗಳಲ್ಲಿ ಬಾಗಿಲಿನವಳು ಏಳೆಂಟು ವರ್ಷದ ಹುಡುಗಿ. ಅಂಥವರಿಗೆ ಶಾಲೆಯಲ್ಲಿ ಬಾಗಿಲ ರಜೆ ಎಂದು ಒಂದುಂಟು. ಲೆಕ್ಕದ ಪಾಠ ಶುರುವಾದ ಕೂಡಲೇ ಆ ಹುಡುಗಿಯರಿಗೆಲ್ಲ ಮನೆಯ ಹೊರಗೆ ಅಪ್ಪ ಕಾಯುತ್ತಿರುವುದು ನೆನಪಾಗುತ್ತದೆ.

ಹಾಗೆಂದು ಗಂಡಸರಿಗೆ ಯಜಮಾನಿಕೆ ಇಲ್ಲವೆಂದಲ್ಲ. ಉಂಟು, ಬೇರೆ ಮನೆಯಲ್ಲಿ. ನಮ್ಮ ಮನೆಯ ಯಜಮಾನ ನನ್ನ ಅಣ್ಣ ದೂಮಣ್ಣ. ನನ್ನ ಮಕ್ಕಳ ಹೆಸರು, ಶಾಲೆ, ಮದುವೆ ಎಲ್ಲದಕ್ಕೂ ಅವನ ಮಾತೇ ಮಾತು. ಅವನು ಬಂದರೆ ಮನೆಯಲ್ಲಿರುವ ಒಂದೇ ಕುರ್ಚಿ ಅವನಿಗೆ. ಐತಪ್ಪ ಎದ್ದು ಮಣೆಯ ಮೇಲೆ ಕೂರುತ್ತಾನೆ. ಇಲ್ಲಿ ಹೀಗೆ ಮೆರೆದು ಅಣ್ಣ ತನ್ನ ಹೆಂಡತಿಯ ಮನೆಗೆ ಹೋಗುತ್ತಾನೆ, ಅಲ್ಲಿ ಕಟ್ಟೆಯ ಮೇಲೆ ಕೂತು ಎರಡು ಸಲ ಕೆಮ್ಮುತ್ತಾನೆ. ಐತಪ್ಪನೂ ಅಷ್ಟೇ, ತಂಗಿಯ ಮನೆಗೆ ಹೋದರೆ ಕುರ್ಚಿ ಎಳೆದುಕೊಂಡು ಕೂತು, ಅವಳ ಗಂಡನನ್ನು ವಿಚಾರಿಸುತ್ತಾನೆ. ನಮ್ಮೂರಿನ ಪ್ರತಿ ಗಂಡಸೂ ಒಂದು ಮನೆಗೆ ಅರಸ, ಇನ್ನೊಂದು ಮನೆಗೆ ಕೆಮ್ಮು.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಲಚ್ಚಿ, ಅವಳಿಗೆ ಹದಿಮೂರು. ಚಿಕ್ಕವಳು ಜಾಯಿ, ಏಳು ವರ್ಷ. ಜಾಯಿಯ ಕೆಳಗಿನ ಹಲ್ಲು ಅಲುಗಲು ಶುರುವಾದ ಮೇಲೆ ಊರಿಗೆ ಊರೇ ಅವಳ ಬಾಯಿಗೆ ಇಣುಕುತ್ತಿತ್ತು. ಅದು ಬಿದ್ದ ದಿನ ಬಾಗಿಲು ನನ್ನಿಂದ ಅವಳಿಗೆ ಹೋಗಬೇಕು. ನನಗೆ ಅದರಲ್ಲಿ ಬೇಸರವೇನೂ ಇರಲಿಲ್ಲ, ಸ್ವಲ್ಪ ಇತ್ತು. ಬೇಸರವಿದ್ದದ್ದು ಐತಪ್ಪನಿಗೆ.

ಆ ಹೊತ್ತಿಗೆ ಊರಿನ ಗಂಡಂದಿರೆಲ್ಲ ಸೇರಿ ಮೇಲಿನ ಗುಡ್ಡದಲ್ಲಿ ತಮ್ಮದೇ ಒಂದು ಮನೆ ಕಟ್ಟಿದ್ದರು. ಯಾರೂ ಕೆಮ್ಮಬೇಕಾಗಿಲ್ಲದ ಮನೆ. ಒಳ್ಳೆಯ ಹಲಸಿನ ಮರದ ಬಾಗಿಲು, ಕೆತ್ತನೆಯೂ ಉಂಟು. ಆದರೆ ಹೊಸ್ತಿಲ ಕೆಳಗೆ ಇಡಲು ಹಲ್ಲು ಎಲ್ಲಿಂದ? ಹಾಗಾಗಿ ಆ ಬಾಗಿಲು ಮುಚ್ಚಿಕೊಳ್ಳುವುದೇ ಇಲ್ಲ. ಹಗ್ಗ ಕಟ್ಟಿ ನೋಡಿದರು, ಕಲ್ಲು ಒತ್ತಿಟ್ಟು ನೋಡಿದರು, ಕೊನೆಗೆ ಮುಚ್ಚದ ಬಾಗಿಲೇ ನಮ್ಮ ಹೆಮ್ಮೆ ಎಂದು ಒಂದು ಹಲಗೆಯಲ್ಲಿ ಬರೆದು ತೂಗುಹಾಕಿದರು. ಮೊದಲ ವಾರ ಅಲ್ಲಿ ಗಂಡಸರಿದ್ದರು. ಎರಡನೆಯ ವಾರದಿಂದ ಆಡುಗಳು. ಆಡುಗಳನ್ನು ಓಡಿಸಿ ಮನೆ ನೋಡಿಕೊಳ್ಳಲು ಒಬ್ಬ ಬೇಕೆಂದಾಗ ಎಲ್ಲರೂ ಐತಪ್ಪನ ಹೆಸರು ಹೇಳಿದರು. ಅವನು ಅಡುಗೆಯನ್ನೂ ಚೆನ್ನಾಗಿ ಮಾಡುತ್ತಾನೆ.

ಅವನು ನನಗೆ ಇದನ್ನು ಹೇಳಿದ್ದು ಒಂದು ಮಧ್ಯಾಹ್ನ, ನಾನು ಬಟ್ಟೆ ಹಿಂಡುತ್ತಿದ್ದಾಗ. ಹಿಂಡುವ ಬಟ್ಟೆಯ ಇನ್ನೊಂದು ತುದಿ ಅವನ ಕೈಯಲ್ಲಿತ್ತು. ಜಾಯಿಯ ಹಲ್ಲು ಬಿದ್ದ ಮೇಲೆ ತಾನು ಮೇಲಿನ ಮನೆಗೆ ಹೋಗುತ್ತೇನೆ, ವಾರಕ್ಕೊಮ್ಮೆ ಬಂದು ಮಕ್ಕಳನ್ನು ನೋಡಿಕೊಂಡು ಹೋಗುತ್ತೇನೆ ಎಂದ. ಯಾಕೆ ಎಂದು ಕೇಳಿದೆ. ಇಲ್ಲಿ ಏನು ಕಡಿಮೆಯಾಯಿತು ಎಂದೂ ಕೇಳಿದೆ. ಅವನು ಬಟ್ಟೆಯನ್ನು ತಿರುಚುತ್ತಲೇ ಇದ್ದ, ನೀರೆಲ್ಲ ಇಳಿದುಹೋದ ಮೇಲೂ.

"ಹೆಂಡತಿಗೆ ಕೆಮ್ಮಬಹುದು ಅಮಣಿ. ನಾನು ತೊಟ್ಟಿಲು ತೂಗಿದ ಮಗುವಿಗೆ ಹೇಗೆ ಕೆಮ್ಮಲಿ?"

ನಾನು ಅವನ ಕೈಯಿಂದ ಬಟ್ಟೆ ಬಿಡಿಸಿ ಹಗ್ಗಕ್ಕೆ ಹರವಿದೆ. ಜಾಯಿ ನಿಂಬೆ ಗಿಡದ ಹಿಂದೆ ಕೂತು ಮಣ್ಣಿನಲ್ಲಿ ಅಡುಗೆ ಮಾಡುತ್ತಿದ್ದಳು. ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಮಕ್ಕಳಿಗೆ ಕೇಳಿಸಿರಲಿಕ್ಕಿಲ್ಲ ಎಂದು ನಾವು ಅಂದುಕೊಂಡದ್ದಷ್ಟೇ ಅವಕ್ಕೆ ಕೇಳಿಸುವುದು.

ಹಲ್ಲು ಬಿದ್ದದ್ದು ಆಮೇಲೆ ಹತ್ತು ದಿನಕ್ಕೆ, ಕಡಲೆ ಜಗಿಯುವಾಗ. ಮಾರನೆಯ ದಿನ ಮಧ್ಯಾಹ್ನ ಅಣ್ಣ ಬಿಳಿ ಪಂಚೆ ಉಟ್ಟು, ಸಣ್ಣ ಹಾರೆಯೊಂದಿಗೆ ಬಂದ. ನಮ್ಮ ಕ್ರಮದಲ್ಲಿ ಹಲ್ಲನ್ನು ಹುಡುಗಿಯೇ ಅರಸಿನದ ಎಲೆಯಲ್ಲಿ ಸುತ್ತಿ ನೂಲು ಕಟ್ಟಬೇಕು. ಬೇರೆ ಯಾರೂ ಅದನ್ನು ಬಿಚ್ಚುವಂತಿಲ್ಲ, ನೋಡುವಂತಿಲ್ಲ. ಜಾಯಿ ಪೊಟ್ಟಣ ತಂದು ಕೊಟ್ಟಳು. ಎಲೆ ಸ್ವಲ್ಪ ದಪ್ಪಗೆ ಕಂಡಿತು. ಮಗು ಕಟ್ಟಿದ್ದಲ್ಲವೇ, ಹಾಗೇ ಇರುತ್ತದೆ ಎಂದುಕೊಂಡೆವು. ಅಣ್ಣ ಹೊಸ್ತಿಲ ನಡುವಿನ ಕಲ್ಲು ಎಬ್ಬಿಸಿ, ಅದರ ಕೆಳಗಿನ ಗುಂಡಿಯಿಂದ ನನ್ನ ಹಲ್ಲು ತೆಗೆದು ನನ್ನ ಕೈಗೆ ಕೊಟ್ಟ. ಮೂವತ್ತೊಂದು ವರ್ಷ ಅಲ್ಲಿದ್ದದ್ದು ಇಷ್ಟೇನಾ ಎನಿಸಿತು, ಒಂದು ನುಚ್ಚಕ್ಕಿಯಷ್ಟು. ಸೆರಗಿನ ತುದಿಗೆ ಕಟ್ಟಿಕೊಂಡೆ. ಒಂದು ಬಾಗಿಲಿಗೆ ಒಂದು ಹಲ್ಲು ಎಂದು ಅಣ್ಣ ವಿಧಿಯ ಮಾತು ಹೇಳಿ, ಪೊಟ್ಟಣವಿಟ್ಟು, ಕಲ್ಲು ಮುಚ್ಚಿದ. ಹೊಸ ಕೈಯನ್ನು ಕಲಿಯಲು ಮನೆಗೆ ಒಂದು ರಾತ್ರಿ ಬೇಕು. ಮಾರನೆಯ ಬೆಳಿಗ್ಗೆ ಹತ್ತು ಜನರ ಎದುರು ಹುಡುಗಿ ಮೊದಲ ಸಲ ಬಾಗಿಲು ತೆರೆಯುತ್ತಾಳೆ, ಎಲ್ಲರಿಗೂ ದೋಸೆ ಮತ್ತು ಬೆಲ್ಲ ಕಾಯಿಹಾಲು.

ಆ ದೋಸೆಗೇ ನಾನು ರುಬ್ಬುತ್ತಿದ್ದದ್ದು.

ಅಣ್ಣ ಬಂದ, ನೆಂಟರು ಬಂದರು, ಎಲ್ಲರ ಎದುರು ಜಾಯಿ ಹೊಸ ಲಂಗ ಹಾಕಿಕೊಂಡು ಬಾಗಿಲ ಮೇಲೆ ಅಂಗೈ ಇಟ್ಟಳು. ಬಾಗಿಲು ಅಲ್ಲಾಡಲಿಲ್ಲ. ಇನ್ನೊಂದು ಕೈ ಇಡು ಎಂದರು, ಇಟ್ಟಳು. ಕೈ ತೊಳೆದುಕೊಂಡು ಬಾ ಎಂದರು, ತೊಳೆದುಕೊಂಡು ಬಂದಳು. ನನ್ನ ಕೈಗೂ ತೆರೆಯಲಿಲ್ಲ. ಅಣ್ಣ, ಎಲ್ಲರೂ ಬೇರೆ ಕಡೆ ನೋಡುತ್ತಿದ್ದಾಗ, ತನ್ನ ಅಂಗೈಯನ್ನೂ ಮೆಲ್ಲಗೆ ಒಂದು ಸಲ ಒತ್ತಿ ನೋಡಿ, ಪಂಚೆಗೆ ಒರೆಸಿಕೊಂಡ, ನಾನು ನೋಡಿದೆ. ಆಗ ಲಚ್ಚಿ, ಅಪ್ಪನ ಕೈಗೆ ತೆರೆಯುತ್ತದಲ್ಲ ಮಾವ, ಬೆಳಿಗ್ಗೆ ಕೋಳಿ ಸಮೇತ ಒಳಗೆ ಬಂದರು ಎಂದು ಹೇಳಿಬಿಟ್ಟಳು. ಐತಪ್ಪ ಎರಡು ಬೆರಳು ತಾಗಿಸಿದ್ದಷ್ಟೇ, ಬಾಗಿಲು ಗೋಡೆಗೆ ಬಡಿಯುವಷ್ಟು ಜೋರಾಗಿ ತೆರೆದುಕೊಂಡಿತು.

ಮುಚ್ಚಿದ ಹೊಸ್ತಿಲನ್ನು ಮೂರು ದಿನ ಮುಟ್ಟುವಂತಿಲ್ಲ, ನಾಲ್ಕನೆಯ ದಿನ ಕಲ್ಲು ಎಬ್ಬಿಸಿ ನೋಡೋಣ ಎಂದು ಅಣ್ಣ ತೀರ್ಮಾನ ಹೇಳಿದ. ಹೇಳಿ ಐತಪ್ಪನ ಮುಖ ನೋಡಿದ. ಹೊಸ್ತಿಲಿಗೆ ಮೋಸ ಮಾಡಿದ ಗಂಡನನ್ನು ಗಂಟು ಕೊಟ್ಟು ತಂಗಿಯ ಮನೆಗೆ ಕಳಿಸುವುದು ನಮ್ಮಲ್ಲಿ ಹಳೆಯ ಕ್ರಮ. ಹಾಗೆ ಹೋದವನು ಮಕ್ಕಳನ್ನು ಸಂತೆಯಲ್ಲಿ ಕಂಡರೂ ಮಾತಾಡಿಸುವಂತಿಲ್ಲ. ಐತಪ್ಪ ತನಗೇನೂ ಗೊತ್ತಿಲ್ಲ ಎಂದ. ಅವನ ಮುಖದಲ್ಲಿ ನನಗಂತೂ ಆಶ್ಚರ್ಯ ಬಿಟ್ಟು ಬೇರೆ ಕಾಣಲಿಲ್ಲ. ನೆಂಟರು ದೋಸೆ ತಿಂದು ಹೋದರು. ಜಾಯಿ ಮಾತ್ರ ಬೆಳಿಗ್ಗೆಯಿಂದ ತುಟಿ ಬಿಚ್ಚಿರಲಿಲ್ಲ. ಮಗುವಿಗೆ ಪಾಪ, ಮನೆ ತನ್ನನ್ನು ಬೇಡವೆಂದಿತಲ್ಲ ಎಂದು ಸಂಕಟ ಎಂದು ಎಲ್ಲರೂ ಅವಳ ತಲೆ ಸವರಿ, ಬೆಲ್ಲದ ಉಂಡೆ ಕೊಟ್ಟರು. ಅವಳು ಉಂಡೆಗಳನ್ನೆಲ್ಲ ಲಂಗದ ಜೇಬಿಗೆ ಹಾಕಿಕೊಂಡಳು, ಒಂದನ್ನೂ ಬಾಯಿಗೆ ಹಾಕಲಿಲ್ಲ.

ಆ ಮೂರು ದಿನ ಬಾಗಿಲು ಐತಪ್ಪನದು.

ಮೊದಲ ದಿನ ಊರಿನ ಗಂಡಂದಿರೆಲ್ಲ ಬಂದು ಬಾಗಿಲ ಮೇಲಿನ ಸುಣ್ಣದ ಅಂಗೈಯನ್ನು ನೋಡಿಕೊಂಡು ಹೋದರು. ಒಬ್ಬರು ಹೂ ಇಟ್ಟರು. ಪಕ್ಕದ ಮನೆಯ ಬಾಬಯ್ಯ, ಇವರದು ನಲವತ್ತು ವರ್ಷದ ಕಟ್ಟೆ, ತಮ್ಮ ಅಂಗೈಯನ್ನು ಆ ಅಚ್ಚಿನ ಮೇಲೆ ಇಟ್ಟು ಅಳತೆ ನೋಡಿದರು. ಐತಪ್ಪ ಸುಮ್ಮನೆ ಒಳಗೆ ಬರುವುದು, ಹೊರಗೆ ಹೋಗುವುದು, ಮತ್ತೆ ಒಳಗೆ ಬರುವುದು. ಹನ್ನೊಂದು ಸಲ ಎಣಿಸಿದೆ. ಯಾರೂ ಕೇಳದಿದ್ದರೂ ನೀರು ತಂದ, ಸೌದೆ ತಂದ, ಒಂದು ಸಲ ಏನೂ ತರದೆ ಬಂದ.

ಎರಡನೆಯ ದಿನ ಮಧ್ಯಾಹ್ನ ನಾನು ಹೊಳೆಗೆ ಹೋಗಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತ್ತು. ಮಕ್ಕಳು ಶಾಲೆಯಲ್ಲಿ, ಐತಪ್ಪ ಒಳಗೆ ನಿದ್ದೆಯಲ್ಲಿ. ರಾತ್ರಿಯೆಲ್ಲ ಬೆಂಕಿ ಕಾದವನು, ಕೂಗಿದರೆ ಏಳುವವನಲ್ಲ. ನಾನು ಒದ್ದೆ ಬಟ್ಟೆಯ ಬುಟ್ಟಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತೆ. ನಮ್ಮದೇ ಕಟ್ಟೆ, ವಾರಕ್ಕೆರಡು ಸಲ ಸಗಣಿ ಸಾರಿಸುವವಳು ನಾನೇ, ಆದರೆ ಅದರ ಮೇಲೆ ಕೂತು ಬೀದಿ ನೋಡಿದ್ದು ಅದೇ ಮೊದಲು. ಕೂತಲ್ಲಿ ಕಲ್ಲು ಎಷ್ಟು ನುಣುಪಾಗಿದೆ ಎಂದು ತಿಳಿದದ್ದೂ ಅವತ್ತೇ. ಹದಿನಾಲ್ಕು ವರ್ಷ ಒಬ್ಬ ಮನುಷ್ಯ ಕೂತು ಕೂತು ಸವೆದ ಜಾಗ.

ಎರಡು ಸಲ ಕೆಮ್ಮಿದೆ.

"ಅದು ಶೀತದ ಕೆಮ್ಮು ಅಮಣಿ, ಕಟ್ಟೆಯ ಕೆಮ್ಮಲ್ಲ" ಎಂದರು ಬಾಬಯ್ಯ ತಮ್ಮ ಕಟ್ಟೆಯಿಂದ. ಮೊದಲನೆಯದು ಸಣ್ಣಗಿರಬೇಕು, ನಾನು ಬಂದಿದ್ದೇನೆ ಎಂದು ಹೇಳುವಷ್ಟು. ಎರಡನೆಯದು ಅದಕ್ಕಿಂತಲೂ ಸಣ್ಣಗಿರಬೇಕು, ಅವಸರವೇನಿಲ್ಲ ಎಂದು ಹೇಳುವಷ್ಟು. ಹಾಗೆಂದು ಅವರು ಕೆಮ್ಮಿ ತೋರಿಸಿದರು. ಏನು ಹೇಳಲಿ, ಅದೊಂದು ವಿದ್ಯೆಯೇ. ಅವರ ಹೆಂಡತಿ ಕೇಳಿ ಬಾಗಿಲು ತೆರೆದುಬಿಟ್ಟರು. ನಿನಗಲ್ಲ ಮಾರಾಯ್ತಿ, ಪಾಠ ಮಾಡುತ್ತಿದ್ದೇನೆ ಎಂದು ಅವರನ್ನು ಒಳಗೆ ಕಳಿಸಿದರು. ಆಮೇಲೆ ನಾವು ಎರಡು ಆಟ ಚೆನ್ನೆ ಆಡಿದೆವು. ಎರಡರಲ್ಲೂ ಸೋತೆ. ಕಟ್ಟೆಯ ಮೇಲೆ ಕೂತವರಿಗೆ ಬೀದಿಯ ಎಲ್ಲ ಮನೆಗಳ ಗುಟ್ಟೂ ಗೊತ್ತಿರುತ್ತದೆ ಎಂದು ತಿಳಿಯಿತು. ಒಳಗಿರುವ ನಮಗೆ ಗೊತ್ತಿರುವುದು ನಮ್ಮ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದಷ್ಟೇ.

ಮೂರನೆಯ ದಿನದ ಹೊತ್ತಿಗೆ ಐತಪ್ಪನ ಮುಖ ಇಳಿದಿತ್ತು. ಅವನನ್ನು ಎಲ್ಲಿಗೂ ಹೋಗಲು ಬಿಡುವವರಿರಲಿಲ್ಲ. ಲಚ್ಚಿ ಪುಸ್ತಕ ಮರೆತು ಬಂದಳು, ಅವನನ್ನು ಚಹಾದಂಗಡಿಯಿಂದ ಎಬ್ಬಿಸಿದಳು. ನಾನು ತರಕಾರಿ ಹಿಡಿದುಕೊಂಡು ಬಂದೆ, ಅವನನ್ನು ಕ್ಷೌರದ ನಡುವೆ ಎಬ್ಬಿಸಿದೆ. ಒಂದು ಕೆನ್ನೆಯಲ್ಲಿ ಗಡ್ಡ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದ. ಮೇಲಿನ ಮನೆಯಲ್ಲಿ ಗಂಡಂದಿರು ಅವನಿಗೆ ಶಾಲು ಹೊದಿಸಲು ಸಭೆ ಕರೆದಿದ್ದರು. ಅವನು ಅರ್ಧ ಗುಡ್ಡ ಹತ್ತುವಷ್ಟರಲ್ಲಿ, ನಮ್ಮ ಒಲೆಯ ಮೇಲೆ ಹಾಲಿಟ್ಟು ನಾನು ಅಂಗಳಕ್ಕೆ ಬಂದವಳು ಹೊರಗೇ ಉಳಿದಿದ್ದೇನೆ ಎಂದು ಸುದ್ದಿ ಹೋಯಿತು. ಓಡಿ ಬಂದ. ಹಾಲು ಉಕ್ಕಿತ್ತು. ಶಾಲನ್ನು ಆಡುಗಳು ತಿಂದವಂತೆ.

"ನೀನು ಮೂವತ್ತೊಂದು ವರ್ಷ ಹೀಗೇ ಇದ್ದದ್ದಾ?" ಎಂದು ಏದುಸಿರು ಬಿಡುತ್ತ ಕೇಳಿದ.

ಹೀಗೇ ಇದ್ದೆ ಎಂದೆ. ಹೊಳೆಯ ಆಚೆಯ ಜಾತ್ರೆಗೆ ನನ್ನ ಅಕ್ಕಂದಿರು ಹೋದರು, ನಾನು ಹೋಗಲಿಲ್ಲ. ಅಕ್ಕನ ಹೆರಿಗೆಗೆ ಹೋದವಳು ಅದೇ ದಿನ ಸಂಜೆ ತಿರುಗಿ ಬಂದೆ. ಅಪ್ಪ ಕಟ್ಟೆಯ ಮೇಲೆ ಚಳಿಯಲ್ಲಿ ಕೂತಿರುತ್ತಾರೆ ಎಂದು. ಇದನ್ನೆಲ್ಲ ಅವನಿಗೆ ಯಾವತ್ತೂ ಹೇಳಿರಲಿಲ್ಲ. ಅವನು ಕೇಳಿರಲಿಲ್ಲ, ನನಗೂ ಹೇಳಬೇಕೆಂದು ತೋಚಿರಲಿಲ್ಲ. ಉಕ್ಕಿದ ಹಾಲನ್ನು ಇಬ್ಬರೂ ಸೇರಿ ಒರೆಸಿದೆವು.

ಜಾಯಿ ಇನ್ನೂ ಮಾತಾಡಿರಲಿಲ್ಲ. ಗಂಜಿ ಕುಡಿಯುತ್ತಿದ್ದಳು, ಅದೂ ಒಂದೇ ಮಗ್ಗುಲಿನಿಂದ. ಶಾಲೆಯ ಟೀಚರು ಅವಳನ್ನು ಮೌನವ್ರತದ ಅಮ್ಮ ಎಂದು ಕರೆಯಲು ಶುರು ಮಾಡಿದ್ದರಂತೆ. ಆ ಸಂಜೆ ಶಾಲೆಯಿಂದ ಬಂದವಳು ಚಾಪೆಯ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಹೊದಿಕೆ ಸರಿ ಮಾಡಲು ಹೋದೆ. ಮುಷ್ಟಿ ಸಡಿಲಾಗಿತ್ತು. ಅಂಗೈಯಲ್ಲಿ ಒಂದು ಹಲ್ಲು, ನುಚ್ಚಕ್ಕಿಯಷ್ಟು.

ನಾನು ಅಲ್ಲೇ ಕೂತೆ. ಒಂದೊಂದೇ ನೆನಪಾಯಿತು. ತಿಂಗಳ ಹಿಂದೆ ಐತಪ್ಪ ಸಂತೆಯಲ್ಲಿ ಹಲ್ಲು ಕೀಳುವವಳ ಹತ್ತಿರ ಹುಳುಕು ದವಡೆಹಲ್ಲು ಕೀಳಿಸಿಕೊಂಡು ಬಂದಿದ್ದ. ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಕಟ್ಟೆಯ ಸಂದಿಯಲ್ಲಿ ಇಟ್ಟಿದ್ದ. ಗಂಡನ ಹಲ್ಲಿಗೆ ಹೆಂಡತಿಯ ಮನೆಯಲ್ಲಿ ಜಾಗವಿಲ್ಲ, ತಂಗಿಯ ಮನೆಗೆ ಹೊತ್ತುಕೊಂಡು ಹೋದರೆ ನಗುತ್ತಾರೆ, ಬಿಸಾಡಲು ಮನಸ್ಸಿಲ್ಲ. ಜಾಯಿಗೆ ಅದನ್ನು ಅಲ್ಲಾಡಿಸಿ ಸದ್ದು ಮಾಡಿ ತೋರಿಸಿ, ನಿನ್ನ ಹಲ್ಲಿಗೆ ಮನೆ ಉಂಟು ಮಗ, ನನ್ನ ಹಲ್ಲಿಗೆ ಬೆಂಕಿಪೊಟ್ಟಣ ಎಂದು ನಮ್ಮನ್ನೆಲ್ಲ ನಗಿಸಿದ್ದ. ಅವಳು ಮಾತ್ರ ಅವತ್ತು ನಕ್ಕಿರಲಿಲ್ಲ.

ಕಟ್ಟೆಯ ಸಂದಿಗೆ ಹೋಗಿ ನೋಡಿದೆ. ಬೆಂಕಿಪೊಟ್ಟಣ ಖಾಲಿ.

ಹಗಲಿಡೀ ಅವಳು ತನ್ನ ಹಲ್ಲನ್ನು ದವಡೆಯಲ್ಲಿ ಅಡಗಿಸಿಕೊಂಡಿದ್ದಳು. ಬೇರೆಲ್ಲಿ ಇಟ್ಟಾಳು? ಜೇಬುಗಳನ್ನು ಒಗೆಯುವ ಮುಂಚೆ ನಾನು ತಿರುವಿ ನೋಡುತ್ತೇನೆ, ಹಾಸಿಗೆ ಕೊಡವುತ್ತೇನೆ, ಚೀಲ ಕೊಡವುತ್ತೇನೆ. ನಾನು ಕೊಡವದ ಜಾಗ ಬಾಯಿ ಒಂದೇ. ನಗು ಬಂತು, ಕಣ್ಣೂ ತುಂಬಿತು. ಎಬ್ಬಿಸಿ ಕೇಳಬಹುದಿತ್ತು. ಕೇಳಲಿಲ್ಲ. ಮಕ್ಕಳ ಮಾತನ್ನೂ ಹಾಲುಹಲ್ಲನ್ನೂ ಎಳೆದು ಕೀಳಬಾರದು, ಸಡಿಲಾದ ಮೇಲೆ ತಾನಾಗಿ ಬರುತ್ತದೆ. ಮುಷ್ಟಿಯನ್ನು ಮೆಲ್ಲಗೆ ಮುಚ್ಚಿ ಎದ್ದು ಬಂದೆ. ಅಣ್ಣನಿಗೂ ಹೇಳಲಿಲ್ಲ, ಐತಪ್ಪನಿಗೂ ಹೇಳಲಿಲ್ಲ. ಹೇಳಬೇಕಾಗಿತ್ತೇನೋ.

ನಾಲ್ಕನೆಯ ದಿನ ಬೆಳಿಗ್ಗೆ ಅಣ್ಣ ಹಾರೆ ಹಿಡಿದು ಬಂದ. ಅಂಗಳದ ತುಂಬ ಜನ. ಗಂಡಂದಿರೆಲ್ಲ ಬಲಗಡೆ, ಹೆಂಗಸರು ಎಡಗಡೆ, ಬಾಬಯ್ಯ ನೋಡಲು ಎಲ್ಲಿ ಅನುಕೂಲವೋ ಅಲ್ಲಿ. ಅಣ್ಣ ಕುರ್ಚಿ ಬೇಡವೆಂದ. ಹೊಸ್ತಿಲ ಕಲ್ಲು ಎಬ್ಬಿಸಿ, ಪೊಟ್ಟಣ ತೆಗೆದು, ಕಾರಣವಿರುವುದರಿಂದ ಬಿಚ್ಚುತ್ತಿದ್ದೇನೆ ಎಂದು ಮನೆಗೆ ಕೇಳುವಂತೆ ಹೇಳಿ, ನೂಲು ಹರಿದ. ಬಾಡಿದ ಎಲೆಯೊಳಗೆ ಮೂರು ಬೇರಿನ ದೊಡ್ಡ ದವಡೆಹಲ್ಲು, ಎಲೆಅಡಿಕೆಯ ಕೆಂಪು ಕಲೆ ಸಮೇತ.

ಹೆಂಗಸರ ಕಡೆಯಿಂದ ಒಂದು ನಗು ಎದ್ದು ಅಲ್ಲೇ ಅಡಗಿತು. ಅಣ್ಣ ನಗಲಿಲ್ಲ. ಅವನು ಬಹಳ ಹೊತ್ತು ಆ ಹಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ನನಗೆ ಒಂದು ಹಳೆಯ ಮಧ್ಯಾಹ್ನ ನೆನಪಾಯಿತು. ಅಣ್ಣನಿಗೆ ಆಗ ಎಂಟು, ನನಗೆ ನಾಲ್ಕು. ಅಮ್ಮ ಅವನ ಹಲ್ಲನ್ನು ಇದೇ ಮಾಡಿನ ಆಚೆಗೆ ಎಸೆದಿದ್ದರು. ಕತ್ತಲಾಗುವವರೆಗೂ ಅವನು ಬದನೆ ಗಿಡಗಳ ನಡುವೆ ಮೊಣಕಾಲೂರಿ ಹುಡುಕುತ್ತಿದ್ದ. ಏನು ಹುಡುಕುತ್ತೀ ಎಂದು ಕೇಳಿದರೆ ಗೋಲಿ ಎಂದ. ಅವನ ಹತ್ತಿರ ಗೋಲಿ ಇರಲೇ ಇಲ್ಲ.

"ಭಾವ," ಎಂದ ಅಣ್ಣ, ತಲೆ ಎತ್ತದೆ. "ಇದು ನಿಮ್ಮದಾ?"

ಐತಪ್ಪ ನಾಲಿಗೆಯಿಂದ ಒಳಗಿನ ಖಾಲಿ ಜಾಗ ಮುಟ್ಟಿ ನೋಡಿಕೊಂಡದ್ದು ಕೆನ್ನೆಯ ಮೇಲೆ ಕಂಡಿತು. ಹೌದು ಎಂದ.

"ಇಟ್ಟದ್ದು ಯಾರು?"

ಆಗ ಅವನು ಜಾಯಿಯನ್ನು ನೋಡಿದ. ಅವಳು ನನ್ನ ಸೆರಗು ಹಿಡಿದು ನಿಂತಿದ್ದಳು, ತುಟಿ ಬಿಗಿಯಾಗಿ ಮುಚ್ಚಿ, ಒಂದು ಕೆನ್ನೆ ಕಡಲೆಯಷ್ಟು ಉಬ್ಬಿ. ಅವನು ಅವಳನ್ನು ನೋಡುತ್ತಲೇ ಇದ್ದ. ಅರ್ಥವಾಗಲು ಅವನಿಗೆ ಎಷ್ಟು ಹೊತ್ತು ಬೇಕಾಯಿತು ಎಂದು ನಾನು ಹೇಳಬಲ್ಲೆ, ಕಟ್ಟೆಯ ಎರಡು ಕೆಮ್ಮಿನ ನಡುವೆ ಇರುವಷ್ಟು. ಆಮೇಲೆ ಅಣ್ಣನ ಕಡೆ ತಿರುಗಿದ.

"ನಾನೇ ಇಟ್ಟದ್ದು ಭಾವ. ಒಂದು ಸಲ ಕೆಮ್ಮದೆ ಒಳಗೆ ಬರಬೇಕು ಅಂತ ಆಸೆಯಾಯ್ತು."

ಗಂಡಂದಿರು ನೆಲ ನೋಡಿದರು. ಒಳಗೆ ಹೋಗಿ ಅವನ ಬಟ್ಟೆಯ ಗಂಟು ತರಲು ಅಣ್ಣ ಲಚ್ಚಿಗೆ ಹೇಳಬೇಕಾಗಿತ್ತು, ಕ್ರಮ ಹಾಗೆ. ಅವನು ಬಾಯಿ ತೆರೆದ, ಮುಚ್ಚಿದ. ಇನ್ನು ತಡೆದರೆ ನನ್ನ ತಾಳ್ಮೆಯೇ ನನ್ನ ಮನೆಯನ್ನು ಮುಳುಗಿಸುತ್ತದೆ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಸೆರಗು ಹಗುರಾಯಿತು. ಜಾಯಿ ಅದನ್ನು ಬಿಟ್ಟು ನನ್ನನ್ನು ದಾಟಿಕೊಂಡು ಹೊಸ್ತಿಲ ಹತ್ತಿರ ಹೋಗಿದ್ದಳು.

ಅವಳು ಗುಂಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಒಳಗೆ ಇಣುಕಿದಳು. ಎರಡು ಬೆರಳು ಇಳಿಸಿ ಅದರ ಅಗಲ ಅಳೆದಳು, ನಾನು ಪಾತ್ರೆಗೆ ಅನ್ನ ಸಾಕೋ ಎಂದು ನೋಡುವ ಹಾಗೆ. ಆಮೇಲೆ ಬಾಯಿಯೊಳಗೆ ಬೆರಳು ಹಾಕಿ, ದವಡೆಯಿಂದ ತನ್ನ ಹಲ್ಲು ತೆಗೆದು, ಲಂಗಕ್ಕೆ ಒರೆಸಿ, ಮಾವನ ಅಂಗೈಯಲ್ಲಿದ್ದ ಆ ದೊಡ್ಡ ಹಲ್ಲಿನ ಪಕ್ಕದಲ್ಲಿ ಇಟ್ಟಳು. ನಾಲ್ಕು ದಿನದಿಂದ ಮುಚ್ಚಿದ್ದ ಬಾಯಿ ತೆರೆದಾಗ, ಮಾತು ಬರುವ ಮುಂಚೆ ಹಲ್ಲಿಲ್ಲದ ಸಂದಿಯಿಂದ ಒಂದು ಸಣ್ಣ ಸೀಟಿ ಬಂತು.

"ಮಾವ, ಈ ಗುಂಡಿಯಲ್ಲಿ ಎರಡು ಹಲ್ಲಿಗೆ ಜಾಗ ಇಲ್ವ?"